ಊರಲ್ಲೇ ಇದ್ದು ಶ್ರೀಶೈಲ ಪಾದಯಾತ್ರೆ: ಕಿಲೋಮೀಟರ್ ಲೆಕ್ಕ ಇಡುವ ಬಗೆ

ಕಂಬಿ (ಮಲ್ಲಯ್ಯನ ಹೆಸರಲ್ಲಿ ಭಕ್ತರು ಹೆಗಲ ಮೇಲೆ ಹೊತ್ತೊಯ್ಯುವ ಅಲಂಕರಿಸಿದ ಕೋಲು) ಜೊತೆ ಶ್ರೀಶೈಲಕ್ಕೆ ಹೋಗಲು ಆಗದವರು ಅಷ್ಟೇ ದೂರವನ್ನು ಬಾಗಲಕೋಟೆಯಲ್ಲೇ ನಡೆದು ಮುಗಿಸಬಹುದು. ಯುಗಾದಿಗೆ ಮುಟ್ಟಬೇಕಂದ್ರೆ ಸಂಕ್ರಾಂತಿಗೇ ಶುರು ಮಾಡ್ರಿ. ಮೊಬೈಲ್ ಮ್ಯಾಪ್‌ನಲ್ಲಿ ಹುನಗುಂದ, ಲಿಂಗಸುಗೂರು, ರಾಯಚೂರು, ಕರ್ನೂಲು, ಆತ್ಮಕೂರು ಅಂತ ಒಂದೊಂದೇ ಊರು ಹಾಕಿ, ನಡಿಗೆ ದಾರಿಯ ದೂರ ಬರೆದುಕೊಳ್ರಿ. ವಾರಕ್ಕೊಂದು ದಿನ ವಿಶ್ರಾಂತಿ ಬಿಟ್ಟು ಉಳಿದ ದಿನಗಳಿಗೆ ಹಂಚ್ರಿ.

ಲೆಕ್ಕ ಕೆಡುವುದು ಹೆಜ್ಜೆ ಎಣಿಸುವ ಆ್ಯಪ್‌ನಿಂದ. ನಿಮ್ಮ ಹೆಜ್ಜೆಯ ಉದ್ದ ಅದಕ್ಕೆ ಗೊತ್ತಿಲ್ಲ. ಬೈಕ್ ಕುಲುಕಾಟವನ್ನೂ ಕೆಲವೊಮ್ಮೆ ಹೆಜ್ಜೆ ಅಂತ ಹಿಡಿಯುತ್ತದೆ. 400 ಮೀಟರ್ ಟ್ರ್ಯಾಕಿನ ಒಳಗಿನ ಲೇನ್‌ನಲ್ಲಿ ಒಂದು ಸುತ್ತು ಬಾಯಲ್ಲೇ ಎಣಿಸಿ ನಡೀರಿ. 600 ಹೆಜ್ಜೆ ಬಂದರೆ ಕಿಲೋಮೀಟರಿಗೆ 1500. ಎಂಟನೇ ಲೇನ್ ಹಿಡಿದರೆ ಸುತ್ತು ಸುಮಾರು 453 ಮೀಟರ್, ಅದನ್ನು 400 ಅಂತ ಬರೆದರೆ ನಡೆದದ್ದು ನಷ್ಟ. ದಿನಾ ಒಂದೇ ದಿಕ್ಕಿಗೆ ಸುತ್ತಿದರೆ ಒಂದೇ ಕಾಲಿಗೆ ಭಾರ ಬೀಳುತ್ತದೆ, ದಿಕ್ಕು ಬದಲಿಸ್ರಿ.

ಆತ್ಮಕೂರು ದಾಟಿದ ಮೇಲೆ ನಲ್ಲಮಲ ಕಾಡಿನ ಭಾಗ ಬಂದಾಗ ಸಮತಟ್ಟು ನಡಿಗೆ ಸಾಲದು. ಭೀಮನ ಕೊಳ್ಳದಿಂದ ಕೈಲಾಸ ದ್ವಾರಕ್ಕೆ ಕಡಿದಾದ ಏರು. ಆ ದಿನ ಮೆಟ್ಟಿಲು ಹತ್ತಲೇಬೇಕು, ಆಗಲೇ ಯಾತ್ರೆಯ ಕಷ್ಟ ಅರಿವಾಗೋದು. ಇಳಿಯುವಾಗ ಮೆಟ್ಟಿಲ ಪಕ್ಕದ ಕಟಾಂಜನ ಹಿಡಿದು ನಿಧಾನ ಇಳೀರಿ, ಮೊಣಕಾಲು ನೋಯುವುದು ಅಲ್ಲೇ. ಮಾರ್ಚ್ ಬಿಸಿಲಲ್ಲಿ ಬೆಳಗ್ಗೆ 8ರೊಳಗೆ ಮುಗಿಸ್ರಿ.