ಐಇಎಲ್‌ಟಿಎಸ್ ಲಿಸನಿಂಗ್, ರೀಡಿಂಗ್: ಒಂದೇ ಪೇಪರನ್ನು ವಾರವಿಡೀ ಅರೆದು ಕುಡಿಯುವ ಕ್ರಮ

ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯಿಂದ ನರ್ಸಿಂಗ್ ಮುಗಿಸಿ ಹೊರದೇಶಕ್ಕೆ ಹೊರಟವರಿರಲಿ, ಎಂಎಸ್‌ಗೆ ಅರ್ಜಿ ಹಾಕುವ ಇಂಜಿನಿಯರಿಂಗ್ ಹುಡುಗ ಹುಡುಗಿಯರಿರಲಿ, ಇಂಗ್ಲಿಷ್ ಭಾಷಾ ಪರೀಕ್ಷೆಯಾದ ಐಇಎಲ್‌ಟಿಎಸ್‌ಗೆ ತಯಾರಾಗುವ ರೀತಿ ಹೆಚ್ಚುಕಡಿಮೆ ಒಂದೇ. ದಿನಕ್ಕೊಂದು ಮಾಕ್ ಟೆಸ್ಟ್ ಬರೆಯುವುದು, ಉತ್ತರ ತಾಳೆ ನೋಡಿ ಅಂಕ ಕೂಡುವುದು, ಮಾರನೇ ದಿನ ಇನ್ನೊಂದಕ್ಕೆ ಕೂರುವುದು. ಹೀಗೆ ಎಷ್ಟು ಬರೆದರೂ ಅಂಕ ಒಂದು ಕಡೆ ನಿಂತುಬಿಡುತ್ತದೆ. ಟೆಸ್ಟ್ ಬರೆದರೆ ನಮ್ಮ ಮಟ್ಟ ಗೊತ್ತಾಗುತ್ತದೆ, ಅಷ್ಟೇ. ಆ ಮಟ್ಟ ಏರಬೇಕಾದರೆ ತಪ್ಪಾದ ಒಂದೊಂದು ಉತ್ತರವನ್ನೂ ಹಿಡಿದು ಅದು ಏಕೆ ತಪ್ಪಾಯಿತು ಎಂದು ಬಿಡಿಸಿ ನೋಡಬೇಕು. ಅದಕ್ಕೆ ವಾರಕ್ಕೆ ಒಂದು ಪೇಪರ್ ಸಾಕು.

ಮೊದಲು ಲೆಕ್ಕ ತಿಳಿದಿರಲಿ. ಲಿಸನಿಂಗ್‌ನಲ್ಲಿ 40 ಪ್ರಶ್ನೆ, ರೀಡಿಂಗ್‌ನಲ್ಲಿ 40 ಪ್ರಶ್ನೆ. ಲಿಸನಿಂಗ್ ಮತ್ತು ಉನ್ನತ ಓದಿಗೆ, ನರ್ಸಿಂಗ್‌ನಂಥ ವೃತ್ತಿಗೆ ಬರೆಯುವ ಅಕಾಡೆಮಿಕ್ ರೀಡಿಂಗ್‌ನಲ್ಲಿ ಸುಮಾರು 23 ಸರಿಯಾದರೆ ಬ್ಯಾಂಡ್ (9ರವರೆಗಿನ ಶ್ರೇಣಿ) 6, 30 ಸರಿಯಾದರೆ 7, 35 ಸರಿಯಾದರೆ 8. ಕೆಲಸ, ವಲಸೆಗೆಂದು ಬರೆಯುವ ಜನರಲ್ ಟ್ರೈನಿಂಗ್‌ನ ರೀಡಿಂಗ್ ಸ್ವಲ್ಪ ಸುಲಭವಾದ್ದರಿಂದ ಅಲ್ಲಿ 7 ಬರಲು 34ರಷ್ಟು ಬೇಕು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರರಲ್ಲೂ 7, ರೈಟಿಂಗ್‌ನಲ್ಲಿ 6.5 ಕೇಳುತ್ತದೆ. ಅಂದರೆ ಲಿಸನಿಂಗ್‌ನಲ್ಲಿ ಹತ್ತು ತಪ್ಪಿಗೆ ಮಾತ್ರ ಜಾಗ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದೂ ಖಾಲಿ ಬಿಡಬೇಡಿ.

ಲಿಸನಿಂಗ್: ಕಿವಿಗೆ ಏಕೆ ಸಿಗುವುದಿಲ್ಲ

ನಾಲ್ಕು ಭಾಗ, ಸುಮಾರು 30 ನಿಮಿಷ, ಆಡಿಯೊ ಒಂದೇ ಸಲ. ಮೊದಲನೆಯದು ಇಬ್ಬರ ದಿನಬಳಕೆಯ ಮಾತು: ರೂಮ್ ಬುಕಿಂಗ್, ಫೋನ್ ವಿಚಾರಣೆ ಇಂಥವು. ಎರಡನೆಯದರಲ್ಲಿ ಒಬ್ಬರೇ ಯಾವುದೋ ಸ್ಥಳದ ಬಗ್ಗೆಯೋ ಸೌಲಭ್ಯದ ಬಗ್ಗೆಯೋ ಹೇಳುತ್ತಾರೆ. ಮೂರನೆಯದು ಓದಿಗೆ ಸಂಬಂಧಿಸಿದ ಚರ್ಚೆ, ನಾಲ್ಕು ಜನರವರೆಗೆ ಇರಬಹುದು. ನಾಲ್ಕನೆಯದು ಕಾಲೇಜ್ ಲೆಕ್ಚರ್. ಮುಂದೆ ಹೋದಂತೆ ಕಷ್ಟ ಹೆಚ್ಚುತ್ತದೆ.

ಕನ್ನಡ, ತೆಲುಗು ಆಡಿ ಬೆಳೆದ ಕಿವಿಗೆ ಇಲ್ಲಿ ಎರಡು ನಿಜವಾದ ತೊಡಕುಗಳಿವೆ. ನಮ್ಮ ಮಾತಿನಲ್ಲಿ ಒಂದೊಂದು ಅಕ್ಷರಕ್ಕೂ ಅದರ ಪಾಲಿನ ಕಾಲ ಸಿಗುತ್ತದೆ. ಪದದ ಕೊನೆಗೆ ಸ್ವರ ಬರುತ್ತದೆ. ಬಸ್ ನಮ್ಮ ಬಾಯಲ್ಲಿ ಬಸ್ಸು, ರೋಡ್ ರೋಡು. ಇಂಗ್ಲಿಷರು ಮುಖ್ಯವಾದ ಪದವನ್ನು ಒತ್ತಿ ಹೇಳಿ, ‘ಆಫ್’, ‘ಟು’, ‘ಅಂಡ್’, ‘ವಾಸ್’ ಇಂಥ ಸಣ್ಣ ಪದಗಳನ್ನು ನುಂಗಿಬಿಡುತ್ತಾರೆ. ಪದದ ಕೊನೆಯ ವ್ಯಂಜನವನ್ನು ಮುಂದಿನ ಪದದ ಸ್ವರಕ್ಕೆ ಅಂಟಿಸುತ್ತಾರೆ. ‘ಪಿಕ್ ಇಟ್ ಅಪ್’ ಎನ್ನುವುದು ‘ಪಿಕಿಟಪ್’ ಎಂದು ಕೇಳುತ್ತದೆ. ಮೂರೂ ಪದ ನಿಮಗೆ ಒಂದನೇ ತರಗತಿಯಿಂದ ಗೊತ್ತು, ಆದರೂ ಆ ಕ್ಷಣಕ್ಕೆ ಗೊತ್ತಾಗುವುದಿಲ್ಲ. ಇದಕ್ಕೆ ಪದಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ, ಕಿವಿಯನ್ನೇ ಪಳಗಿಸಬೇಕು.

ಎರಡನೆಯದು ಬಹುವಚನದ ‘ಎಸ್’. ‘ಎರಡು ಟಿಕೆಟ್ ಕೊಡಿ’, ‘ಹತ್ತು ದಿನ ಆಯ್ತು’ ಎನ್ನುವುದು ನಮಗೆ ಸಹಜ. ಸಂಖ್ಯೆ ಹೇಳಿದ ಮೇಲೆ ಬಹುವಚನದ ಪ್ರತ್ಯಯ ನಮಗೆ ಬೇಕೇಬೇಕು ಅಂತಿಲ್ಲ. ಹಾಗಾಗಿ ಆಡಿಯೊದಲ್ಲಿ ‘ಟಿಕೆಟ್ಸ್’ ಎಂದಿದ್ದರೂ ಕೈ ‘ಟಿಕೆಟ್’ ಎಂದು ಬರೆಯುತ್ತದೆ, ಅಂಕ ಹೋಗುತ್ತದೆ. ಉತ್ತರ ಬರೆದ ಮೇಲೆ ವಾಕ್ಯವನ್ನು ಪೂರ್ತಿ ಓದಿ. ಖಾಲಿ ಜಾಗದ ಮುಂಚೆ ‘ಎ’ ಅಥವಾ ‘ಆ್ಯನ್’ ಇದ್ದರೆ ಏಕವಚನ. ಎಣಿಸಬಹುದಾದ ವಸ್ತುವಿನ ಮುಂಚೆ ಇಂಥದ್ದೇನೂ ಇಲ್ಲದಿದ್ದರೆ ಬಹುಪಾಲು ಬಹುವಚನವೇ.

ಮೊದಲ ಭಾಗದಲ್ಲಿ ಬೇಕೆಂದೇ ಇಡುವ ಒಂದು ಗುಂಡಿ ಇದೆ. ಫೋನ್ ನಂಬರ್ ಹೇಳುವವರು ‘ಓ ಡಬಲ್ ಸೆವೆನ್ ಫೋರ್… ಸಾರಿ, ಓ ಸೆವೆನ್ ಡಬಲ್ ಫೋರ್’ ಎನ್ನುತ್ತಾರೆ. ಮೊದಲು ಕೇಳಿದ್ದನ್ನು ಬರೆದು ಪೆನ್ ಕೆಳಗಿಟ್ಟವರು ಕೆಟ್ಟರು. ‘ಸಾರಿ’, ‘ಆ್ಯಕ್ಚುಲಿ’, ‘ನೋ, ವೇಟ್’ ಕೇಳಿದೊಡನೆ ಬರೆದದ್ದನ್ನು ತಿದ್ದಲು ಸಿದ್ಧರಾಗಿ. ‘ಥರ್ಟೀನ್’ ಮತ್ತು ‘ಥರ್ಟಿ’ ಗೊಂದಲಕ್ಕೆ ಒತ್ತನ್ನು ಗಮನಿಸಿ: ಹದಿಮೂರಕ್ಕೆ ಸಾಮಾನ್ಯವಾಗಿ ಕೊನೆಯ ಭಾಗ ಗಟ್ಟಿ ಮತ್ತು ಉದ್ದ, ಮೂವತ್ತಕ್ಕೆ ಮೊದಲ ಭಾಗ ಗಟ್ಟಿ. ಹೆಸರಿನ ಸ್ಪೆಲ್ಲಿಂಗ್ ಹೇಳುವಾಗ ‘ಎ’, ‘ಇ’, ‘ಐ’ ಮೂರೂ ಕಲಸಿಹೋಗುತ್ತವೆ. ಆಸ್ಟ್ರೇಲಿಯದವರ ‘ಎ’ ನಮ್ಮ ಕಿವಿಗೆ ‘ಐ’ನಂತೆಯೇ ಕೇಳುತ್ತದೆ. ಬ್ರಿಟಿಷ್, ಆಸ್ಟ್ರೇಲಿಯನ್, ಅಮೆರಿಕನ್ ಎಲ್ಲ ಉಚ್ಚಾರಗಳೂ ಪರೀಕ್ಷೆಯಲ್ಲಿ ಬರುತ್ತವೆ, ಬರೀ ಅಮೆರಿಕನ್ ಸಿನಿಮಾ ನೋಡಿ ಕಿವಿ ಪಳಗಿಸಿದವರಿಗೆ ಇಲ್ಲಿ ಪೆಟ್ಟು ಬೀಳುತ್ತದೆ.

ಈಗ ಅಭ್ಯಾಸದ ಕ್ರಮ. ಭಾನುವಾರ ಬೆಳಗ್ಗೆ ಪೂರ್ತಿ ಲಿಸನಿಂಗ್ ಪೇಪರನ್ನು ಒಂದೇ ಸಲ, ನಡುವೆ ನಿಲ್ಲಿಸದೆ ಬರೆಯಿರಿ. ಐಇಎಲ್‌ಟಿಎಸ್‌ನ ಅಧಿಕೃತ ತಾಣದಲ್ಲಿ, ಬ್ರಿಟಿಷ್ ಕೌನ್ಸಿಲ್‌ನ ತಾಣದಲ್ಲಿ ಮಾದರಿ ಪೇಪರ್‌ಗಳು ಬಿಟ್ಟಿ ಸಿಗುತ್ತವೆ. ಪ್ರತಿ ಭಾಗದ ಮುಂಚೆ ಪ್ರಶ್ನೆ ಓದಲು ಕೊಡುವ ಅರ್ಧ ನಿಮಿಷದಷ್ಟು ಸಮಯದಲ್ಲಿ ಒಂದೊಂದು ಖಾಲಿ ಜಾಗಕ್ಕೂ ಬೇಕಾದ್ದು ಸಂಖ್ಯೆಯೋ, ಹೆಸರೋ, ವಸ್ತುವೋ, ಕ್ರಿಯೆಯೋ ಎಂದು ಊಹಿಸಿ ಪಕ್ಕದಲ್ಲಿ ಗುರುತು ಹಾಕಿ. ಮುಗಿದ ಮೇಲೆ ಉತ್ತರ ತಾಳೆ ನೋಡಿ, ಆದರೆ ಆಡಿಯೊದ ಲಿಖಿತ ಪಠ್ಯ ಇನ್ನೂ ತೆರೆಯಬೇಡಿ. ತಪ್ಪಾದ ಪ್ರಶ್ನೆಗಳ ಜಾಗವನ್ನು ಮಾತ್ರ ಮತ್ತೆ ಎರಡು ಸಲ ಕೇಳಿ. ಆಮೇಲೆ ಪಠ್ಯ ತೆರೆದು, ಒಂದು ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ, ಒಂದೊಂದು ತಪ್ಪನ್ನೂ ಯಾವುದಾದರೂ ಒಂದಕ್ಕೆ ಸೇರಿಸಿ: (1) ಪದವೇ ಗೊತ್ತಿರಲಿಲ್ಲ; (2) ಪದ ಗೊತ್ತಿತ್ತು, ಕಿವಿಗೆ ಸಿಗಲಿಲ್ಲ; (3) ಕೇಳಿಸಿತು, ಆದರೆ ಮೊದಲು ಹೇಳಿದ ಸುಳ್ಳು ಉತ್ತರಕ್ಕೆ ಬಿದ್ದೆ; (4) ಉತ್ತರ ಸರಿ, ಸ್ಪೆಲ್ಲಿಂಗ್ ಅಥವಾ ‘ಎಸ್’ ತಪ್ಪು. ಎರಡನೇ ಕಾಲಂ ತುಂಬಿದರೆ ಬೆಚ್ಚಬೇಡಿ, ಹೆಚ್ಚಿನವರಿಗೆ ಅದೇ ತುಂಬುವುದು.

ಆ ಎರಡನೇ ಕಾಲಂಗೆ ಮದ್ದು ಉಕ್ತಲೇಖನ, ನಮ್ಮ ಸ್ಕೂಲಿನ ಹಳೇ ಡಿಕ್ಟೇಶನ್. ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ 40 ಸೆಕೆಂಡಿನ ಆಡಿಯೊ ತುಣುಕು ಸಾಕು, ನೀವು ತಪ್ಪಿದ ಜಾಗದ್ದೇ ಆಗಿರಲಿ. ಐದಾರು ಪದ ಕೇಳಿ, ನಿಲ್ಲಿಸಿ, ಕೇಳಿದ್ದನ್ನು ಬರೆಯಿರಿ. ಮೂರು ಸಲಕ್ಕಿಂತ ಹೆಚ್ಚು ಕೇಳಬೇಡಿ, ಸಿಗದ ಪದಕ್ಕೆ ಗೆರೆ ಎಳೆದು ಮುಂದೆ ಹೋಗಿ. ಕೊನೆಗೆ ಪಠ್ಯದ ಜೊತೆ ತಾಳೆ ನೋಡಿ, ಬಿಟ್ಟ ಪದಗಳಿಗೆ ಕೆಂಪು ಇಂಕು. ಮೊದಲ ವಾರ ಕೆಂಪಾಗುವುದು ಬಹುಪಾಲು ಸಣ್ಣ ಪದಗಳೇ. ಆಮೇಲೆ ಅದೇ ತುಣುಕನ್ನು ಹಾಕಿಕೊಂಡು, ಆಡಿಯೊದ ಜೊತೆಜೊತೆಗೇ ಗಟ್ಟಿಯಾಗಿ ಓದಿ, ಅವರು ನುಂಗಿದ್ದನ್ನು ನೀವೂ ನುಂಗಿ. ಬಾಯಿಗೆ ಬಂದ ಶಬ್ದ ಕಿವಿಗೂ ಬೇಗ ಹತ್ತುತ್ತದೆ. ಇಷ್ಟಕ್ಕೂ ಹಿಡಿಯುವುದು 25 ನಿಮಿಷ.

ಮಾರಿಕುಪ್ಪಂ ಅಥವಾ ಬಂಗಾರಪೇಟೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರು ಹೊಸ ಟೆಸ್ಟನ್ನು ರೈಲಿನಲ್ಲಿ ಹಾಳುಮಾಡಿಕೊಳ್ಳಬೇಡಿ. ಸದ್ದಿನಲ್ಲಿ ತಪ್ಪಿದ್ದು ಕಿವಿಯ ಕೊರತೆಯೋ ರೈಲಿನ ಗದ್ದಲವೋ ತಿಳಿಯುವುದಿಲ್ಲ. ಮನೆಯಲ್ಲಿ ಬಿಡಿಸಿ ಮುಗಿಸಿದ ತುಣುಕುಗಳನ್ನು ಮತ್ತೆ ಮತ್ತೆ ಕೇಳಲು ಆ ಹೊತ್ತು ಒಳ್ಳೆಯದು. ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನ ಆರು ನಿಮಿಷದ ಕಾರ್ಯಕ್ರಮಗಳಿಗೂ ಲಿಖಿತ ಪಠ್ಯ ಸಿಗುತ್ತದೆ.

ಪೇಪರ್ ಮೇಲೆ ಬರೆಯುವ ಅವಕಾಶ ಇರುವ ಕಡೆ ಉತ್ತರವನ್ನು ಆನ್ಸರ್ ಶೀಟ್‌ಗೆ ಇಳಿಸಲು ಕೊನೆಗೆ 10 ನಿಮಿಷ ಕೊಡುತ್ತಾರೆ. ಕಂಪ್ಯೂಟರ್‌ನಲ್ಲಿ ಬರೆಯುವವರಿಗೆ ಪರಿಶೀಲನೆಗೆ 2 ನಿಮಿಷ ಮಾತ್ರ, ಆಡಿಯೊ ಓಡುತ್ತಿರುವಾಗಲೇ ಟೈಪ್ ಮಾಡಬೇಕು. ಟೈಪಿಂಗ್ ರೂಢಿ ಇಲ್ಲದವರು ದಿನಾ ಉಕ್ತಲೇಖನವನ್ನು ಕೀಬೋರ್ಡ್‌ನಲ್ಲೇ ಮಾಡಿದರೆ ಒಂದೇ ಕಲ್ಲಿಗೆ ಎರಡು ಹಕ್ಕಿ.

ರೀಡಿಂಗ್: ಸಮಯ ಎಲ್ಲಿ ಸೋರುತ್ತದೆ

60 ನಿಮಿಷ, ಅಕಾಡೆಮಿಕ್‌ನಲ್ಲಿ ಮೂರು ಪಠ್ಯ, ಒಟ್ಟು 2150ರಿಂದ 2750 ಪದ. ಇಲ್ಲಿ ಉತ್ತರ ಇಳಿಸಲು ಬೇರೆ ಸಮಯವಿಲ್ಲ, ಪೇಪರ್ ಮೇಲಾದರೂ ಅಷ್ಟೇ. ಮೊದಲ ಪಠ್ಯಕ್ಕೆ 17 ನಿಮಿಷ, ಎರಡನೆಯದಕ್ಕೆ 20, ಮೂರನೆಯದಕ್ಕೆ 23 ಇಟ್ಟುಕೊಳ್ಳಿ. ಒಂದು ಪ್ರಶ್ನೆಗೆ ಒಂದೂವರೆ ನಿಮಿಷ ಕಳೆದರೂ ಉತ್ತರ ಸಿಗದಿದ್ದರೆ ಊಹಿಸಿ ಬರೆದು, ಗುರುತು ಹಾಕಿ, ಮುಂದೆ ಹೋಗಿ.

ಉದ್ದ ವಾಕ್ಯದಲ್ಲಿ ಸಿಕ್ಕಿಕೊಳ್ಳುವುದಕ್ಕೂ ನಮ್ಮ ಭಾಷೆಯ ರಚನೆಯೇ ಕಾರಣ. ‘ನಿನ್ನೆ ಕೋಲಾರದಿಂದ ಬಂದ ಡಾಕ್ಟರು’ ಎನ್ನುವಾಗ ವಿವರ ಮೊದಲು, ವ್ಯಕ್ತಿ ಆಮೇಲೆ. ಕ್ರಿಯಾಪದ ವಾಕ್ಯದ ಕೊನೆಗೆ. ಇಂಗ್ಲಿಷ್‌ನಲ್ಲಿ ಡಾಕ್ಟರು ಮೊದಲೇ ಬಂದು, ವಿವರ ‘ಹೂ’, ‘ವಿಚ್’, ‘ದಟ್’ ಹಿಡಿದು ಹಿಂದೆ ಬರುತ್ತದೆ, ಮುಖ್ಯ ಕ್ರಿಯಾಪದ ಅದರಾಚೆ ಎಲ್ಲೋ ಇರುತ್ತದೆ. ಆ ವಿವರದ ಭಾಗಕ್ಕೆ ಪೆನ್ಸಿಲ್‌ನಿಂದ ಆವರಣ ಹಾಕಿ, ಉಳಿದದ್ದನ್ನು ಮಾತ್ರ ಓದಿ: ಯಾರು, ಏನು ಮಾಡಿದರು. ವಾಕ್ಯದ ಬೆನ್ನೆಲುಬು ಸಿಕ್ಕ ಮೇಲೆ ಆವರಣದೊಳಗಿನದನ್ನು ಸೇರಿಸಿಕೊಳ್ಳಿ. ದಿನಕ್ಕೆ ಇಂಥ ಐದು ವಾಕ್ಯ ಬಿಡಿಸಿದರೆ ಒಂದು ತಿಂಗಳಲ್ಲಿ ಪೆನ್ಸಿಲ್ ಇಲ್ಲದೆಯೇ ಕಣ್ಣು ಆ ಕೆಲಸ ಮಾಡುತ್ತದೆ.

ಎಲ್ಲರನ್ನೂ ಕಾಡುವುದು ‘ಟ್ರೂ, ಫಾಲ್ಸ್, ನಾಟ್ ಗಿವನ್’: ಕೊಟ್ಟ ಹೇಳಿಕೆ ಪಠ್ಯದ ಪ್ರಕಾರ ಸರಿಯೋ, ತಪ್ಪೋ, ಪಠ್ಯದಲ್ಲಿ ಆ ಮಾತೇ ಇಲ್ಲವೋ ಹೇಳಬೇಕು. ಪಠ್ಯದಲ್ಲಿ ಹೀಗಿದೆ ಎಂದುಕೊಳ್ಳಿ: ‘ಕೋಲಾರದ ಚಿನ್ನದ ಗಣಿಯನ್ನು 2001ರಲ್ಲಿ ಮುಚ್ಚಲಾಯಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿದದ್ದು, ತೆಗೆಯುವ ಖರ್ಚು ಏರಿದ್ದು ಇದಕ್ಕೆ ಕಾರಣ.’ ಈಗ ಮೂರು ಹೇಳಿಕೆ. ‘ಗಣಿ ಮುಚ್ಚಲು ಹಣಕಾಸಿನ ಕಾರಣವೂ ಇತ್ತು’: ಟ್ರೂ. ‘ಮುಚ್ಚುವ ಹೊತ್ತಿಗೆ ಅದಿರಿನ ಗುಣಮಟ್ಟ ಏರುತ್ತಿತ್ತು’: ಫಾಲ್ಸ್, ಏಕೆಂದರೆ ಪಠ್ಯ ಅದಕ್ಕೆ ಉಲ್ಟಾ ಹೇಳುತ್ತದೆ. ‘ಗಣಿ ಮುಚ್ಚಿದ ಮೇಲೆ ಊರಿನ ಜನ ಬೆಂಗಳೂರಿಗೆ ಕೆಲಸಕ್ಕೆ ಹೋಗತೊಡಗಿದರು’: ಕೆಜಿಎಫ್‌ನವರು ಕಣ್ಣುಮುಚ್ಚಿ ಟ್ರೂ ಎಂದುಬಿಡುತ್ತಾರೆ, ಬೆಳಗಿನ ರೈಲು ತುಂಬಿ ಹೋಗುವುದನ್ನು ದಿನಾ ನೋಡುತ್ತಾರಲ್ಲ. ಉತ್ತರ ನಾಟ್ ಗಿವನ್. ಆ ಎರಡು ವಾಕ್ಯದಲ್ಲಿ ಬೆಂಗಳೂರಿನ ಮಾತೇ ಇಲ್ಲ. ನಿಮಗೆ ಲೋಕಜ್ಞಾನ ಹೆಚ್ಚಿದ್ದಷ್ಟೂ ಇಲ್ಲಿ ಜಾರುವ ಅಪಾಯ ಹೆಚ್ಚು, ಅದರಲ್ಲೂ ನರ್ಸಿಂಗ್ ಓದಿದವರಿಗೆ ಆರೋಗ್ಯದ ಪಠ್ಯ ಬಂದಾಗ. ಫಾಲ್ಸ್ ಎಂದು ಬರೆಯುವ ಮುಂಚೆ, ಹೇಳಿಕೆಯನ್ನು ಸುಳ್ಳು ಮಾಡುವ ಪದದ ಮೇಲೆ ಬೆರಳಿಡಿ. ಬೆರಳಿಡಲು ಜಾಗ ಸಿಗದಿದ್ದರೆ ಅದು ನಾಟ್ ಗಿವನ್. ‘ಆಲ್’, ‘ಓನ್ಲಿ’, ‘ಮೋಸ್ಟ್’, ‘ಹಾರ್ಡ್ಲಿ’ ಇಂಥ ಪದಗಳಿಗೆ ಪ್ರಶ್ನೆಯಲ್ಲೂ ಪಠ್ಯದಲ್ಲೂ ಸುತ್ತು ಹಾಕಿ. ಅರ್ಥ ತಿರುಗುವುದು ಅಲ್ಲೇ.

ಈ ಬಗೆಯ ಪ್ರಶ್ನೆಗಳ ಉತ್ತರ ಪಠ್ಯದಲ್ಲಿ ಪ್ರಶ್ನೆಯ ಕ್ರಮದಲ್ಲೇ ಬರುತ್ತದೆ. ಮೂರನೆಯದರ ಉತ್ತರ ಸಿಕ್ಕರೆ ನಾಲ್ಕನೆಯದನ್ನು ಅದರ ಕೆಳಗೆ ಹುಡುಕಿ. ಯಾವ ಮಾಹಿತಿ ಯಾವ ಪ್ಯಾರಾದಲ್ಲಿದೆ ಎಂದು ಕೇಳುವ ಪ್ರಶ್ನೆಗೆ ಈ ಕ್ರಮವಿಲ್ಲ, ಅದನ್ನು ಕೊನೆಗಿಟ್ಟುಕೊಳ್ಳಿ. ಅಷ್ಟರಲ್ಲಿ ಪಠ್ಯ ಅರ್ಧ ಪರಿಚಯವಾಗಿರುತ್ತದೆ. ಪ್ಯಾರಾಗೆ ಶೀರ್ಷಿಕೆ ಹೊಂದಿಸುವಾಗ ಒಂದು ಉದಾಹರಣೆಗೆ ಮಾತ್ರ ಒಪ್ಪುವ ಶೀರ್ಷಿಕೆ ಆರಿಸುವುದು ಸಾಮಾನ್ಯ ತಪ್ಪು. ‘ಹೌಎವರ್’, ‘ಬಟ್’ ಆದಮೇಲೆ ಬರುವ ವಾಕ್ಯದಲ್ಲಿ ಪ್ಯಾರಾದ ನಿಜವಾದ ಮಾತು ಇರುವುದುಂಟು.

ಖಾಲಿ ಜಾಗ ತುಂಬುವಲ್ಲಿ ಸೂಚನೆ ಎರಡು ಪದ ಮೀರಬಾರದು ಎಂದಿದ್ದರೆ ಮೂರು ಪದದ ಸರಿಯುತ್ತರಕ್ಕೂ ಸೊನ್ನೆ. ‘ದಿ’ ಕೂಡ ಒಂದು ಪದ. ಹೈಫನ್ ಇರುವ ಜೋಡುಪದ ಒಂದೇ ಪದವೆಂದು ಲೆಕ್ಕ. ಪಠ್ಯದ ಪದವನ್ನು ಇದ್ದ ಹಾಗೆ ಇಳಿಸಿ, ರೂಪ ಬದಲಿಸಬೇಡಿ.

ದಿನದ ಓದಿಗೆ ಜಿಲ್ಲಾ ಕೇಂದ್ರ ಗ್ರಂಥಾಲಯದ ಇಂಗ್ಲಿಷ್ ಪತ್ರಿಕೆ, ನಿಯತಕಾಲಿಕೆ ಸಾಕು. ರಾಜಕೀಯ ಸುದ್ದಿಗಿಂತ ವಿಜ್ಞಾನ, ಇತಿಹಾಸ, ಪರಿಸರದ ಲೇಖನ ಆರಿಸಿ, ಪರೀಕ್ಷೆಯ ಪಠ್ಯ ಆ ಜಾತಿಯದು. 800 ಪದದ ಲೇಖನವನ್ನು ಐದು ನಿಮಿಷದಲ್ಲಿ ಓದಿ, ಪುಟ ಮುಚ್ಚಿ, ಪ್ರತಿ ಪ್ಯಾರಾದ ಸಾರವನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಕನ್ನಡದಲ್ಲೇ ಬರೆದರೂ ಅಡ್ಡಿಯಿಲ್ಲ, ಇಲ್ಲಿ ಪರೀಕ್ಷಿಸುತ್ತಿರುವುದು ಅರ್ಥವಾಯಿತೇ ಎನ್ನುವುದನ್ನು. ಗೊತ್ತಿಲ್ಲದ ಪದಕ್ಕೆ ಓದುವಾಗ ಡಿಕ್ಷನರಿ ತೆರೆಯಬೇಡಿ, ಸಾರ ಬರೆದ ಮೇಲೆ ತೆರೆಯಿರಿ.

ಶುಕ್ರವಾರ ರೀಡಿಂಗ್ ಪೇಪರ್ ಬರೆದು, ಶನಿವಾರ ಅದರ ತಪ್ಪುಗಳನ್ನು ಅದೇ ನೋಟ್‌ಬುಕ್‌ಗೆ ಇಳಿಸಿ: ಜಾಗ ಸಿಗಲಿಲ್ಲವೇ, ಸಿಕ್ಕರೂ ವಾಕ್ಯ ಅರ್ಥವಾಗಲಿಲ್ಲವೇ, ಸ್ವಂತ ತಿಳಿವಳಿಕೆ ಬೆರೆಸಿದಿರೇ, ಸಮಯ ಮುಗಿಯಿತೇ. ಪರೀಕ್ಷೆಯ ದಿನಾಂಕ ಬುಕ್ ಮಾಡುವ ತೀರ್ಮಾನವನ್ನೂ ಈ ಪುಸ್ತಕಕ್ಕೇ ಬಿಡಿ. 7 ಬೇಕಾದವರು, ಹಿಂದೆ ನೋಡಿರದ ಮೂರು ಪೇಪರ್‌ಗಳಲ್ಲಿ ಸತತವಾಗಿ ಲಿಸನಿಂಗ್, ಅಕಾಡೆಮಿಕ್ ರೀಡಿಂಗ್ ಎರಡರಲ್ಲೂ 32 ಮುಟ್ಟಿದ ಮೇಲೆ ಹಣ ಕಟ್ಟಿ. ಆ ಎರಡು ಹೆಚ್ಚುವರಿ ಅಂಕ ಪರೀಕ್ಷಾ ಕೇಂದ್ರದ ಗಾಬರಿಗೆ ಬೇಕಾಗುತ್ತದೆ.