ಸೀಗಡಿ ಮರಿಗೆ ಮೇವು: ಹಿಡಿ ಲೆಕ್ಕ ಬಿಡಿ, ತಕ್ಕಡಿ ಹಿಡಿಯಿರಿ

ದಾವಣಗೆರೆಯ ರೈಸ್ ಮಿಲ್ಲಿನಲ್ಲಿ ತೌಡು, ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಿಂಡಿ. ಸಿಹಿನೀರು ಸೀಗಡಿ ಸಾಕುವವರಿಗೆ ಮೇವಿನ ಬಹುಪಾಲು ಸಾಮಾನು ಇಲ್ಲೇ ಸಿಗುತ್ತದೆ. ಮರಿಗಳು ಮಾತ್ರ ಸಾಮಾನ್ಯವಾಗಿ ಕರಾವಳಿಯಿಂದ ಬರಬೇಕು. ಮೊಟ್ಟೆಯೊಡೆದ ಹೊಸದರಲ್ಲಿ ಅವಕ್ಕೆ ಉಪ್ಪು ಬೆರೆತ ನೀರೇ ಬೇಕು.

ಬಂದ ಚೀಲಗಳನ್ನು ಕಾಲು ಗಂಟೆ ತೊಟ್ಟಿಯಲ್ಲಿ ತೇಲಿಬಿಡಿ. ಆಮೇಲೆ ತೊಟ್ಟಿ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಬೆರೆಸಿ, ಮರಿಗಳು ತಾವಾಗಿ ಈಜಿ ಹೊರಬರಲಿ. ಚಿತ್ರದುರ್ಗದ ಕಡೆಯವರು ಮೊದಲೇ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸುವುದು ಒಳ್ಳೆಯದು. ನೀರು ತೀರಾ ಗಡಸಾದರೆ ಚಿಪ್ಪಿನ ಮೇಲೆ ಸುಣ್ಣ ಕಟ್ಟಿ ಬೆಳವಣಿಗೆ ಕುಂಠಿತವಾಗುತ್ತದೆ. ಭದ್ರಾ ನಾಲೆಯವರಿಗೆ ಬೇರೆ ತಾಪತ್ರಯ: ಕೀಟನಾಶಕ ಹೊಡೆದ ಗದ್ದೆಯ ಬಸಿನೀರು ತೊಟ್ಟಿ ಸೇರಿದರೆ ಹುಳದ ಜೊತೆ ಸೀಗಡಿಯೂ ಸಾಯುತ್ತದೆ.

ಒಂದು ಕಿಲೋ ಮೇವಿಗೆ 400 ಗ್ರಾಂ ತೌಡು, 300 ಗ್ರಾಂ ಹಿಂಡಿ, 300 ಗ್ರಾಂ ಒಣಮೀನಿನ ಪುಡಿ. ಪ್ರೋಟೀನ್ ಸುಮಾರು ಮೂರನೇ ಒಂದು ಭಾಗ ಬರುತ್ತದೆ. ನುಣ್ಣಗೆ ಬೀಸಿ, ಮೈದಾ ಗಂಜಿಯಲ್ಲಿ ಕಲಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಪುಡಿ ಮಾಡಿ ಜರಡಿ ಹಿಡಿಯಿರಿ. ಮೊದಲ ವಾರಕ್ಕೆ ಸಣ್ಣ ರವೆಗಿಂತ ದಪ್ಪ ಬೇಡ. ಬೂಸಲು ಹಿಡಿದ ಹಿಂಡಿ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ, ಅದರಲ್ಲಿ ಅಫ್ಲಾಟಾಕ್ಸಿನ್ ವಿಷ ಇರಬಹುದು.

ಎಡವುವುದು ಪ್ರಮಾಣದಲ್ಲಿ. ಒಂದು ಮರಿ 0.01 ಗ್ರಾಂ ಇದ್ದರೆ 10,000 ಮರಿಗಳ ಒಟ್ಟು ತೂಕ ಬರೀ 100 ಗ್ರಾಂ. ಅದರ ಶೇ 20 ಅಂದರೆ ದಿನಕ್ಕೆ 20 ಗ್ರಾಂ ಮೇವು! ಬೆಣ್ಣೆ ದೋಸೆಗೆ ಬೆಣ್ಣೆ ಸುರಿದ ಹಾಗೆ ಧಾರಾಳವಾಗಿ ಹಾಕಿದರೆ ಉಳಿದದ್ದು ತಳದಲ್ಲಿ ಕೊಳೆತು, ನಸುಕಿನ ಹೊತ್ತಿಗೆ ನೀರಿನ ಆಮ್ಲಜನಕ ಕುಸಿಯುತ್ತದೆ. ಏರ್ ಪಂಪ್ ರಾತ್ರಿ ನಿಲ್ಲಬಾರದು. ವಾರಕ್ಕೊಮ್ಮೆ ನೂರು ಮರಿ ಹಿಡಿದು ತೂಗಿ ಲೆಕ್ಕ ಬದಲಿಸಿ. ಮೈ ತುಂಬಿದಂತೆ ಶೇಕಡಾವಾರು 10ರ ಹತ್ತಿರ ಇಳಿಸಿ.

ಸೀಗಡಿ ಕತ್ತಲಲ್ಲೇ ಹೆಚ್ಚು ಓಡಾಡುವ ಪ್ರಾಣಿ. ಹಾಗಾಗಿ ಬೆಳಿಗ್ಗೆ ಒಂದು ಪಾಲು, ಮುಸ್ಸಂಜೆಯ ನಂತರ ಎರಡು ಪಾಲು ಕೊಡಿ. ಸ್ವಲ್ಪ ಮೇವನ್ನು ತಟ್ಟೆಯಲ್ಲಿಟ್ಟು ಮುಳುಗಿಸಿ, ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ಮುಂದಿನ ಸಲ ಕಡಿಮೆ ಮಾಡಿ; ಖಾಲಿಯಾಗಿದ್ದರೆ ತುಸು ಏರಿಸಿ.

ಪೊರೆ ಬಿಡುವಾಗ ಮರಿ ಮೆತ್ತಗಾಗುತ್ತದೆ, ಮೇವು ಮುಟ್ಟುವುದಿಲ್ಲ. ಅಂಥದ್ದನ್ನು ಹಸಿದ ಮಿಕ್ಕವು ತಿಂದುಬಿಡುತ್ತವೆ. ಅಡಗಲು ತೆಂಗಿನ ಗರಿ, ಹಳೆಯ ಬಲೆ, ಪೈಪಿನ ತುಂಡು ಹಾಕಿಡಿ. ತಟ್ಟೆಯಲ್ಲಿ ಪೊರೆ ಕಂಡರೆ ಎಸೆಯಬೇಡಿ, ಸುಣ್ಣದ ಅಂಶಕ್ಕಾಗಿ ಅದನ್ನೂ ಅವೇ ತಿನ್ನುತ್ತವೆ.