ಇಂಗ್ಲೆಂಡಿನಲ್ಲಿ ಬಸಿರು: ಎನ್‌ಎಚ್‌ಎಸ್‌ನ ಕ್ರೋಮೊಸೋಮ್ ತಪಾಸಣೆ ನಡೆಯುವ ರೀತಿ

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಬಸುರಿಯನ್ನು ಮೊದಲು ನೋಡುವವರು ಸ್ತ್ರೀರೋಗ ತಜ್ಞರಲ್ಲ, ಮಿಡ್‌ವೈಫ್, ಅಂದರೆ ತರಬೇತಾದ ಸೂಲಗಿತ್ತಿ. ಅವರನ್ನು ಕಾಣಲು ಜಿಪಿಯ (ಫ್ಯಾಮಿಲಿ ಡಾಕ್ಟರರ) ಚೀಟಿ ಬೇಕಿಲ್ಲ, ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ನೀವೇ ಹೆಸರು ಬರೆಸಬಹುದು. ಬಸಿರು ಖಚಿತವಾದ ವಾರವೇ ಬರೆಸಿ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದೆಂಬ ಪದ್ಧತಿ ನೆಂಟರ ಮಟ್ಟಿಗೆ ಇರಲಿ, ಮಿಡ್‌ವೈಫ್ ಮಟ್ಟಿಗೆ ಬೇಡ. ಮುಂದೆ ಹೇಳುವ ಒಂದೊಂದು ಪರೀಕ್ಷೆಗೂ ವಾರಗಳ ಗಡಿಯಿದೆ. ವೀಸಾ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟಿದ್ದರೆ, ಡಿಪೆಂಡೆಂಟ್ ವೀಸಾದವರಿಗೂ ಇವೆಲ್ಲ ಉಚಿತ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಬಿಲ್ ಬರುತ್ತದೆ. ಇಂಗ್ಲಿಷ್ ಕಷ್ಟವಾದರೆ ಕನ್ನಡದ ದುಭಾಷಿ ಬೇಕೆಂದು ಮೊದಲೇ ಹೇಳಿ, ಅದಕ್ಕೂ ಹಣವಿಲ್ಲ. ಇಂಥ ಮಾತುಕತೆಯನ್ನು ಗಂಡನೋ ಅತ್ತೆಯೋ ಅನುವಾದಿಸುವುದು ಸರಿಯಲ್ಲ.

10 ವಾರದೊಳಗೆ ತಲಸ್ಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ, ವಂಶದಿಂದ ಬರುವ ರಕ್ತದ ಕಾಯಿಲೆ) ರಕ್ತಪರೀಕ್ಷೆ ಆಗಬೇಕು. ಕೆಂಪು ರಕ್ತಕಣದ ಎಂಸಿಎಚ್ (ಒಂದೊಂದು ಕಣದಲ್ಲಿರುವ ಹಿಮೋಗ್ಲೋಬಿನ್‌ನ ಸರಾಸರಿ ತೂಕ) 27 ಪಿಕೋಗ್ರಾಂಗಿಂತ ಕೆಳಗಿದ್ದರೆ ಲ್ಯಾಬ್ ಎಚ್ಚೆತ್ತುಕೊಳ್ಳುತ್ತದೆ. ಕಬ್ಬಿಣದ ಕೊರತೆಯಲ್ಲೂ ಈ ಅಂಕಿ ಇಳಿಯುವುದರಿಂದ ಅದೊಂದರಿಂದಲೇ ತೀರ್ಮಾನವಿಲ್ಲ, ಹಿಮೋಗ್ಲೋಬಿನ್‌ನ ಒಂದು ಬಗೆಯಾದ ಎ2 ಪ್ರಮಾಣವನ್ನೂ ನೋಡುತ್ತಾರೆ. ತಾಯಿ ವಾಹಕಳೆಂದು, ಅಂದರೆ ತನಗೆ ಕಾಯಿಲೆಯಿಲ್ಲದಿದ್ದರೂ ಅದರ ಜೀನ್ ಹೊತ್ತವಳೆಂದು ಗೊತ್ತಾದರೆ ತಂದೆಯ ರಕ್ತವನ್ನೂ ಕೇಳುತ್ತಾರೆ. ಇಬ್ಬರೂ ಬೀಟಾ ತಲಸ್ಸೇಮಿಯಾ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ 4ರಲ್ಲಿ 1. ಗಂಡ ಊರಿನಲ್ಲಿದ್ದರೆ ಅಲ್ಲೇ ಹಿಮೋಗ್ಲೋಬಿನ್ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರೆಬೇರೆಯಾಗಿ ಅಳೆಯುವ ರಕ್ತಪರೀಕ್ಷೆ) ಮಾಡಿಸಿ ವರದಿ ತರಿಸಿಕೊಳ್ಳಿ.

ಮಿಡ್‌ವೈಫ್ ಜೊತೆಗಿನ ಮೊದಲ ಭೇಟಿಯಲ್ಲಿ ಗಂಡ ಹೆಂಡತಿ ರಕ್ತಸಂಬಂಧಿಗಳೇ ಎಂದು ಕೇಳುತ್ತಾರೆ. ಸೋದರತ್ತೆಯ ಮಗನಿರಲಿ, ಸೋದರಮಾವನಿರಲಿ, ಇದ್ದದ್ದನ್ನು ಇದ್ದಂತೆ ಹೇಳಿ. ಮಾವನನ್ನು ಮದುವೆಯಾಗುವುದು ಆ ದೇಶದಲ್ಲಿ ಇಲ್ಲವೆಂದು ಮುಚ್ಚಿಡುವವರಿದ್ದಾರೆ. ಆದರೆ ಡಾಕ್ಟರಿಗೆ ಬೇಕಿರುವುದು ಅಪಾಯದ ಲೆಕ್ಕ: ಯಾವುದೇ ಒಂದು ಜೀನ್ ತೆಗೆದುಕೊಂಡರೆ, ತಂದೆ ತಾಯಿ ಇಬ್ಬರಿಂದಲೂ ಒಂದೇ ಪೂರ್ವಜರ ಅದೇ ಜೀನ್ ಪ್ರತಿ ಮಗುವಿಗೆ ಬರುವ ಸಂಭವ ಸೋದರಮಾವನ ಮದುವೆಯಲ್ಲಿ 8ರಲ್ಲಿ 1, ಅತ್ತೆ ಅಥವಾ ಮಾವನ ಮಕ್ಕಳ ಮದುವೆಯಲ್ಲಿ 16ರಲ್ಲಿ 1. ಮುಂದೆ ಬರುವ ಕ್ರೋಮೊಸೋಮ್ (ಜೀನ್‌ಗಳನ್ನು ಹೊತ್ತ ಎಳೆ) ಪರೀಕ್ಷೆಗಳು ಈ ಬಗೆಯ ಜೀನ್ ಕಾಯಿಲೆಗಳನ್ನು ಹುಡುಕುವುದೇ ಇಲ್ಲ. ಅವು ಸರಿ ಬಂದವೆಂದು ಈ ವಿಷಯವನ್ನು ಕೈಬಿಡಬೇಡಿ. ಮನೆತನದಲ್ಲಿ ಕಿವುಡು, ಬುದ್ಧಿಮಾಂದ್ಯ, ಎಳೆ ಮಕ್ಕಳ ಸಾವು ಇದ್ದರೆ ಅದನ್ನೂ ಹೇಳಿ, ಜೆನೆಟಿಕ್ಸ್ ಕ್ಲಿನಿಕ್‌ಗೆ ಕಳುಹಿಸಲು ಕೇಳಿ.

ಕ್ರೋಮೊಸೋಮ್ ತಪಾಸಣೆ ಡೌನ್ (21), ಎಡ್ವರ್ಡ್ಸ್ (18), ಪಟಾವ್ (13) ಸಿಂಡ್ರೋಮ್‌ಗಳಿಗೆ, ಅಂದರೆ ಆ ಸಂಖ್ಯೆಯ ಕ್ರೋಮೊಸೋಮ್ ಎರಡರ ಬದಲು ಮೂರಿರುವ ಸ್ಥಿತಿಗೆ. ಕಡ್ಡಾಯವಲ್ಲ. ಮೂರಕ್ಕೂ ಒಪ್ಪಬಹುದು, ಡೌನ್‌ಗೆ ಮಾತ್ರ ಒಪ್ಪಬಹುದು, ಉಳಿದೆರಡಕ್ಕೆ ಮಾತ್ರ ಒಪ್ಪಬಹುದು, ಪೂರಾ ಬೇಡವೆನ್ನಲೂಬಹುದು. 11 ವಾರ 2 ದಿನದಿಂದ 14 ವಾರ 1 ದಿನದೊಳಗೆ ಕಂಬೈನ್ಡ್ ಟೆಸ್ಟ್: ಸ್ಕ್ಯಾನ್‌ನಲ್ಲಿ ಭ್ರೂಣದ ಕತ್ತಿನ ಹಿಂದಿನ ದ್ರವದ ದಪ್ಪ, ಜೊತೆಗೆ ತಾಯಿಯ ರಕ್ತ, ವಯಸ್ಸು. ಹೆಚ್ಚಿನವರು ಎಡವುವುದು ಇಲ್ಲೇ. ಈ ಮೂರು ವಾರದಲ್ಲಿ ಊರಿಗೆ ಹೋಗಿದ್ದರೆ, ತಡವಾಗಿ ಹೆಸರು ಬರೆಸಿದ್ದರೆ, ಅಥವಾ ಮಗು ಮಲಗಿದ ಭಂಗಿಯಿಂದ ಅಳತೆ ಸಿಗದಿದ್ದರೆ ಉಳಿಯುವುದು 20 ವಾರದವರೆಗಿನ ಕ್ವಾಡ್ರುಪಲ್ ರಕ್ತಪರೀಕ್ಷೆ. ಅದು ಡೌನ್ ಒಂದಕ್ಕೇ, ನಿಖರತೆಯೂ ಕಡಿಮೆ.

ಫಲಿತಾಂಶ 150ರಲ್ಲಿ 1 ಅಥವಾ ಅದಕ್ಕಿಂತ ಹೆಚ್ಚಿದ್ದರೆ (ಉದಾಹರಣೆಗೆ 100ರಲ್ಲಿ 1) 'ಹೆಚ್ಚಿನ ಸಾಧ್ಯತೆ' ಎಂದು ಫೋನ್ ಬರುತ್ತದೆ. ಕಡಿಮೆಯಿದ್ದರೆ ಸಾಮಾನ್ಯವಾಗಿ ಕಾಗದದಲ್ಲಿ ತಿಳಿಸುತ್ತಾರೆ. ಫೋನ್ ಬಂದ ಕೂಡಲೇ ಎದೆಗುಂದಬೇಡಿ: 150ರಲ್ಲಿ 1 ಎಂದರೆ ಅಂಥ 150 ಬಸಿರುಗಳಲ್ಲಿ 149ರಲ್ಲಿ ಆ ಸಿಂಡ್ರೋಮ್ ಇರುವುದಿಲ್ಲ. ಆಗ ಮೂರು ದಾರಿ. ಏನೂ ಮಾಡಿಸದೆ ಮುಂದುವರಿಯಬಹುದು. ಎನ್‌ಐಪಿಟಿ ಮಾಡಿಸಬಹುದು. ಇದು 2021ರಿಂದ ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿದೆ, ತಾಯಿಯ ರಕ್ತದಲ್ಲಿ ತೇಲುವ, ಮಾಸಿನಿಂದ ಬಂದ ಡಿಎನ್‌ಎ ಓದುತ್ತದೆ, ಸುಮಾರು ಎರಡು ವಾರ ಹಿಡಿಯುತ್ತದೆ. ಹತ್ತಿರದ ತಿಂಗಳುಗಳಲ್ಲಿ ರಕ್ತ ಹಾಕಿಸಿಕೊಂಡವರಿಗೆ, ಕ್ಯಾನ್ಸರ್ ಇರುವವರಿಗೆ, ಅವಳಿಯಲ್ಲಿ ಒಂದು ಭ್ರೂಣ ಕರಗಿಹೋದವರಿಗೆ ಇದು ಹೊಂದುವುದಿಲ್ಲ. ಆ ಡಿಎನ್‌ಎ ಮಾಸಿನದಾದ್ದರಿಂದ ಎನ್‌ಐಪಿಟಿ ಕೂಡ ಖಚಿತ ಉತ್ತರವಲ್ಲ. ಖಚಿತ ಉತ್ತರ ಮೂರನೆಯ ದಾರಿಯಲ್ಲಿ ಮಾತ್ರ: 11ರಿಂದ 14 ವಾರದಲ್ಲಿ ಮಾಸಿನ ಚೂರು ತೆಗೆಯುವ ಸಿವಿಎಸ್, ಅಥವಾ 15 ವಾರದ ನಂತರ ಗರ್ಭಜಲ ತೆಗೆಯುವ ಆಮ್ನಿಯೊಸೆಂಟೆಸಿಸ್. ಇವುಗಳಿಂದ ಗರ್ಭಪಾತವಾಗುವ ಸಂಭವ 200ರಲ್ಲಿ 1ಕ್ಕಿಂತ ಕಡಿಮೆ ಎಂದು ಎನ್‌ಎಚ್‌ಎಸ್ ಹೇಳುತ್ತದೆ. ಮೂರು ಮುಖ್ಯ ಕ್ರೋಮೊಸೋಮ್‌ಗಳ ತ್ವರಿತ ಉತ್ತರ ಸುಮಾರು 3 ಕೆಲಸದ ದಿನಗಳಲ್ಲಿ, ಪೂರ್ಣ ವರದಿ ಸುಮಾರು 2 ವಾರದಲ್ಲಿ.

ಮೊದಲ ಮಗುವಿಗೆ ಡೌನ್ ಇದ್ದರೆ ಅದರ ಕ್ಯಾರಿಯೊಟೈಪ್ (ಕ್ರೋಮೊಸೋಮ್‌ಗಳ ಎಣಿಕೆ ಮತ್ತು ರಚನೆಯ) ವರದಿಯನ್ನು ಬೆಂಗಳೂರಿನದಾದರೂ ಮಂಗಳೂರಿನದಾದರೂ ಮೊದಲ ಭೇಟಿಗೇ ಒಯ್ಯಿರಿ. '47' ಎಂದು ಶುರುವಾಗಿ '+21' ಎಂದಿದ್ದರೆ ಅದು ಸಾಮಾನ್ಯವಾಗಿ ಆಕಸ್ಮಿಕ. '46' ಎಂದಿದ್ದು '14;21' ಎಂಬ ಗುರುತಿದ್ದರೆ 21ನೆಯದು ಇನ್ನೊಂದು ಕ್ರೋಮೊಸೋಮ್‌ಗೆ ಅಂಟಿದೆ, ಅಪ್ಪ ಅಮ್ಮ ಇಬ್ಬರದೂ ಕ್ರೋಮೊಸೋಮ್ ಪರೀಕ್ಷೆ ಆಗಬೇಕು. ತಾಯಿಯೇ ಅಂಥ ವಾಹಕಳಾದರೆ ಮುಂದಿನ ಮಗುವಿಗೂ ಬರುವ ಸಂಭವ ಶೇ. 10ರಿಂದ 15. ತಂದೆಯಾದರೆ ಅದಕ್ಕಿಂತ ಬಹಳ ಕಡಿಮೆ. 'ಡೌನ್ ಸಿಂಡ್ರೋಮ್' ಎಂದಷ್ಟೇ ಬರೆದ ಡಿಸ್ಚಾರ್ಜ್ ಚೀಟಿಯಿಂದ ಈ ವ್ಯತ್ಯಾಸ ತಿಳಿಯುವುದಿಲ್ಲ. ವರದಿ ಕಳೆದಿದ್ದರೆ ಆ ಲ್ಯಾಬಿಗೆ ಈಗಲೇ ಬರೆದು ಪ್ರತಿ ತರಿಸಿ, ಸಿಗದಿದ್ದರೆ ಮಗುವಿನ ರಕ್ತವನ್ನೇ ಮತ್ತೆ ಪರೀಕ್ಷಿಸಲು ಕೇಳಿ.